ಸರಾಸರಿ ಅಂಕದಿಂದ ಶಾಲೆಯನ್ನು ಅಳೆಯಬೇಡಿ

ಹಳೇ ಹುಬ್ಬಳ್ಳಿಯಲ್ಲಿ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿವೆ, ಸರ್ಕಾರಿ ಉರ್ದು ಪ್ರಾಥಮಿಕ ಶಾಲೆಗಳೂ ಇವೆ. ಇಲಾಖೆ ಒಂದೇ, ಪಠ್ಯಕ್ರಮ ಒಂದೇ, ಅಕ್ಷರ ದಾಸೋಹದ ಊಟವೂ ಒಂದೇ. ಹೀಗಾಗಿ ಪರೀಕ್ಷೆ ಮುಗಿದೊಡನೆ ಎರಡರ ಸರಾಸರಿ ಅಂಕಗಳನ್ನು ಅಕ್ಕಪಕ್ಕ ಇಟ್ಟು, ಇದು ಚಲೋ ಶಾಲೆ, ಅದು ಅಷ್ಟಕ್ಕಷ್ಟೇ ಎಂದು ತೀರ್ಪು ಕೊಡುವುದು ಸುಲಭ. ಆ ತೀರ್ಪು ಬಹುಮಟ್ಟಿಗೆ ತಪ್ಪು. ಮಗು ಮನೆಯಿಂದ ತಂದದ್ದೂ ಶಾಲೆ ಕಲಿಸಿದ್ದೂ ಸರಾಸರಿಯಲ್ಲಿ ಬೆರೆತುಹೋಗಿರುತ್ತವೆ. ಅಂಕಗಳ ಏರುಪೇರಿನಲ್ಲಿ ಮನೆಯ ಹಿನ್ನೆಲೆಯ ಪಾಲು ಎಷ್ಟು ದೊಡ್ಡದೆಂಬುದನ್ನು ಅಮೆರಿಕದ ಕೋಲ್‌ಮನ್ ವರದಿ 1966ರಲ್ಲೇ ತೋರಿಸಿತ್ತು.

ಉರ್ದು ಶಾಲೆಯ ಎರಡನೇ ತರಗತಿಯ ಮಗುವಿನ ಪಾಟೀಚೀಲ ತೆರೆದರೆ ಮೂರು ಲಿಪಿಗಳು ಸಿಗುತ್ತವೆ: ಬಲದಿಂದ ಎಡಕ್ಕೆ ಬರೆಯುವ ಉರ್ದು, ಎಡದಿಂದ ಬಲಕ್ಕೆ ಬರೆಯುವ ಕನ್ನಡ ಮತ್ತು ಇಂಗ್ಲಿಷ್. ಮನೆಯಲ್ಲಿ ಆಡುವ ದಖನಿಗೂ ಪುಸ್ತಕದ ಉರ್ದುವಿಗೂ ಅಂತರವಿದೆ. ಹಾಗೆಂದು ಕನ್ನಡ ಶಾಲೆಯ ಮಕ್ಕಳೆಲ್ಲ ಒಂದೇ ಹಿನ್ನೆಲೆಯವರೂ ಅಲ್ಲ. ದಖನಿ ಆಡುವ ಮನೆಗಳ ಮಕ್ಕಳು, ದುಡಿಮೆಗಾಗಿ ಊರು ಬದಲಿಸುವ ಕೂಲಿಕಾರರ ಮಕ್ಕಳು ಅಲ್ಲೂ ಕೂರುತ್ತಾರೆ. ದಾಖಲಾತಿಯ ಲೆಕ್ಕವೂ ಸೇರಬೇಕು: 50 ಮಕ್ಕಳ ತರಗತಿಯಲ್ಲಿ ಒಂದು ಮಗು ಹಿಂದೆ ಬಿದ್ದರೆ ಅದು ತರಗತಿಯ ಶೇ 2, 10 ಮಕ್ಕಳಿದ್ದಲ್ಲಿ ಶೇ 10.

ಬಡತನದ ನೆಪ ಹೇಳಿ ಶಿಕ್ಷಕರನ್ನು ಪಾರುಮಾಡುವ ವಾದವಿದು ಎಂಬ ಆಕ್ಷೇಪ ಬರುತ್ತದೆ. ವಾಸ್ತವದಲ್ಲಿ ಇದು ಹೆಚ್ಚು ಕಠಿಣವಾದ ಅಳತೆ. ಜೂನ್‌ನಲ್ಲಿ ಮಗು ಎಲ್ಲಿತ್ತು, ಮಾರ್ಚ್‌ನಲ್ಲಿ ಎಲ್ಲಿಗೆ ಬಂತು ಎಂದು ಕೇಳಿದರೆ, ಅನುಕೂಲಸ್ಥ ಮನೆಗಳ ಮಕ್ಕಳ ಅಂಕದ ಮರೆಯಲ್ಲಿ ನಿಶ್ಚಿಂತವಾಗಿರುವ ಶಾಲೆಯೂ ಉತ್ತರ ಹೇಳಬೇಕಾಗುತ್ತದೆ. ಒಳ್ಳೆಯ ಶಾಲೆ ಆರಿಸಿಕೊಳ್ಳಲು ಪಾಲಕರಿಗೆ ಅಂಕಪಟ್ಟಿ ಬೇಕಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಮಾಹಿತಿ ಬೇಕು, ನಿಜ. ಆದರೆ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಶೇ 25ರ ಸೀಟು ಸಿಗುವುದಿಲ್ಲ ಎಂಬ ನಿಯಮ ರಾಜ್ಯದಲ್ಲಿ 2019–20ರಿಂದ ಜಾರಿಗೆ ಬಂತು. ಶುಲ್ಕ ಕಟ್ಟಲಾಗದ ಮನೆಗೆ ಓಣಿಯ ಶಾಲೆಯೇ ಗತಿಯಾದ ಮೇಲೆ ರ‍್ಯಾಂಕಿಂಗ್‌ನಿಂದ ಉಪಯೋಗವಿಲ್ಲ. ಆ ಶಾಲೆಯೇ ಸುಧಾರಿಸಬೇಕು.

ಈ ಬಗೆಯ ಅಳತೆಗೆ ಹೊಸ ಸಮೀಕ್ಷೆ ಬೇಕಿಲ್ಲ. ರಾಷ್ಟ್ರಮಟ್ಟದ ಕಲಿಕಾ ಸಮೀಕ್ಷೆ ಜಿಲ್ಲೆಯ ಚಿತ್ರ ಕೊಟ್ಟು ನಿಲ್ಲುತ್ತದೆ, ನಿಜ. ಆದರೆ ವಿದ್ಯಾರ್ಥಿಗಳ ಸಾಧನೆ ದಾಖಲಿಸುವ ರಾಜ್ಯದ ಸ್ಯಾಟ್ಸ್ ತಂತ್ರಾಂಶದಲ್ಲಿ ಪ್ರತಿ ಮಗುವಿನ ವಿವರವಿದೆ. ಯಾವ ಮಗುವಿನ ಹೆಸರೂ ಹೊರಬೀಳದಂತೆ ಹಾಜರಾತಿ, ಮನೆಮಾತು, ಖಾಲಿ ಹುದ್ದೆ, ವರ್ಷದ ಕಲಿಕೆಯ ಏರಿಕೆ ಇಷ್ಟನ್ನು ಶಾಲಾವಾರು ಒಂದು ಪುಟದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಮುಂದಿಡುವುದು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕಷ್ಟವಲ್ಲ. 30 ಮಕ್ಕಳಿಗೆ ಒಬ್ಬ ಶಿಕ್ಷಕ ಎಂಬ ಆರ್‌ಟಿಇ ಮಾನದಂಡ ಎಲ್ಲಿ ಮುರಿದಿದೆಯೋ, ಆ ಮಾಧ್ಯಮ ಬಲ್ಲ ಕಾಯಂ ಶಿಕ್ಷಕರು ಎಲ್ಲಿಲ್ಲವೋ, ಮುಂದಿನ ನೇಮಕಾತಿ ಅಲ್ಲಿಂದಲೇ ಶುರುವಾಗಬೇಕು. ಶಾಲೆಗಳ ಹೋಲಿಕೆ ನಡೆಯಲಿ, ಯಾವ ಶಾಲೆಗೆ ಏನು ಕೊಡಬೇಕು ಎಂದು ತೀರ್ಮಾನಿಸುವುದಕ್ಕಾಗಿ ನಡೆಯಲಿ.