ಅಪರೂಪಕ್ಕೆ ಬರೆಯುವವರನ್ನು ತಪ್ಪದೆ ಓದಲು

ಕನ್ನಡದ ಜಾಲತಾಣಗಳಲ್ಲಿ ನಾನು ಕಾದು ಓದುವವರೆಲ್ಲ ಅಪರೂಪಕ್ಕೆ ಬರೆಯುವವರು. ಶಾಸನಗಳ ಬೆನ್ನುಹತ್ತಿದ ಒಬ್ಬ ಮೇಷ್ಟ್ರು ಮೂರು ತಿಂಗಳಿಗೊಮ್ಮೆ ಬರೆದರೆ ಹೆಚ್ಚು. ದಿನವೂ ಏನಾದರೊಂದು ಹಾಕುವವರನ್ನೇ ಮುಂದೆ ತಳ್ಳುವ ಸಾಮಾಜಿಕ ಮಾಧ್ಯಮಗಳಲ್ಲಿ ಇಂಥವರು ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿಯೇ ಫೀಡ್ ರೀಡರ್ ಎಂಬ ಹಳೆಯ ಸಲಕರಣೆ ಕನ್ನಡ ಓದುಗರಿಗೆ ಮತ್ತೆ ಬೇಕು ಅನ್ನುತ್ತಿದ್ದೇನೆ.

ತಾಣದಲ್ಲಿ ಹೊಸ ಬರಹ ಬಂದಾಗ ಅದರ ತಲೆಬರಹ, ದಿನಾಂಕ, ಪಠ್ಯ ಒಂದು ಕಡತಕ್ಕೆ ಸೇರುತ್ತವೆ. ಅದು ಫೀಡ್. ನಾವು ಆರಿಸಿಟ್ಟ ತಾಣಗಳ ಫೀಡ್‌ಗಳನ್ನು ರೀಡರ್ ಆಗಾಗ ನೋಡಿ, ಹೊಸದನ್ನು ಬಂದ ಕ್ರಮದಲ್ಲೇ ಮುಂದಿಡುತ್ತದೆ. 1999ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಈ ವಿಧಾನ ರೂಪಿಸಿದವರಲ್ಲಿ ಮದ್ರಾಸಿನ ಐಐಟಿಯಲ್ಲಿ ಓದಿದ ಆರ್.ವಿ. ಗುಹಾ ಒಬ್ಬರು. 2005ರಲ್ಲಿ ಬಂದ ಗೂಗಲ್ ರೀಡರ್ ಇದನ್ನು ಜನಪ್ರಿಯ ಮಾಡಿತು. ಆಗ ಕನ್ನಡ ಬ್ಲಾಗುಗಳೂ ಹುಲುಸಾಗಿ ಬೆಳೆಯುತ್ತಿದ್ದವು. 2013ರ ಜುಲೈ 1ರಂದು ಗೂಗಲ್ ಅದನ್ನು ಮುಚ್ಚಿತು. ವಿಧಾನ ಮಾತ್ರ ಉಳಿದಿದೆ. ಪಾಡ್‌ಕಾಸ್ಟ್‌ಗಳು ಇಂದಿಗೂ ನಮ್ಮ ಫೋನಿಗೆ ಬರುವುದು ಇದೇ ದಾರಿಯಲ್ಲಿ.

ನಾನು ಬನಶಂಕರಿ ಎರಡನೇ ಹಂತದ ಮನೆಯಲ್ಲಿ ಕೂತು ಪುಸ್ತಕಗಳ ಕರಡು ತಿದ್ದುವವಳು. ತಿದ್ದಿದ ಕಟ್ಟು ಹಿಡಿದು ಚಾಮರಾಜಪೇಟೆಯ ಪ್ರೆಸ್ಸಿಗೆ ಹೋಗುವಾಗ ಕೆ.ಆರ್. ಮಾರ್ಕೆಟ್‌ವರೆಗೆ ಮೆಟ್ರೊ. ನ್ಯಾಷನಲ್ ಕಾಲೇಜು ದಾಟಿದ ಮೇಲೆ ರೈಲು ನೆಲದೊಳಗೆ ಇಳಿಯುತ್ತದೆ, ಸಿಗ್ನಲ್ ನಂಬಿ ಕೂರುವಂತಿಲ್ಲ. ಹಾಗಾಗಿ ಬರಹ ಮೊದಲೇ ಫೋನಿಗೆ ಇಳಿದಿರಬೇಕು. ಇನ್ನೊಂದು ನನ್ನ ಕಸುಬಿನ ಕಣ್ಣು ಕೇಳುವುದು: ಸಾಲುಗಳ ನಡುವೆ ಜಾಗ. ‘ರಾಷ್ಟ್ರ’ದ ಒತ್ತು ಕೆಳಗಿನ ಸಾಲಿಗೆ ತಾಗುವಂತಿದ್ದರೆ ಎಂಥ ಒಳ್ಳೆಯ ಲೇಖನವೂ ದಣಿಸುತ್ತದೆ.

ಫೀಡ್ಲಿ, ಇನೊರೀಡರ್ ಎರಡನ್ನೂ ಬಳಸಿ ನೋಡಿದೆ. ಖಾತೆ ತೆರೆದರೆ ಎಲ್ಲಿಯವರೆಗೆ ಓದಿದ್ದೇವೆಂಬುದು ಫೋನು, ಕಂಪ್ಯೂಟರ್ ಎರಡಕ್ಕೂ ಗೊತ್ತಿರುತ್ತದೆ. ಕಚೇರಿಯಲ್ಲಿ ಒಂದಿಷ್ಟು, ಬಸ್ಸಿನಲ್ಲಿ ಒಂದಿಷ್ಟು ಓದುವವರಿಗೆ ಅವು ಸರಿ. ನನಗೆ ಒಗ್ಗಿದ್ದು ಆಂಡ್ರಾಯ್ಡ್‌ನ ‘ಫೀಡರ್’. ಖಾತೆ ಬೇಡ, ಪಟ್ಟಿ ಫೋನಿನಲ್ಲೇ ಇರುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಇಮೇಲ್‌ಗೆಂದು ಇರುವ ಥಂಡರ್‌ಬರ್ಡೇ ಫೀಡ್‌ಗಳನ್ನೂ ಓದಿಸುತ್ತದೆ.

ಯಾವ ರೀಡರ್ ಎನ್ನುವುದಕ್ಕಿಂತ ಅದಕ್ಕೆ ಏನು ಸೇರಿಸುತ್ತೇವೆ ಎನ್ನುವುದು ಮುಖ್ಯ. ದಿನದ ಸುದ್ದಿಯನ್ನು ಅಲ್ಲಿಗೆ ತರಲೇಬೇಡಿ. ಬೆಳಿಗ್ಗೆ ಬಾಗಿಲಿಗೆ ಪತ್ರಿಕೆ ಬರುತ್ತದಲ್ಲ, ಸುದ್ದಿಗೆ ಅದು ಸಾಕು. ಸುದ್ದಿತಾಣ ಒಂದನ್ನು ಸೇರಿಸಿದರೂ ಓದದೆ ಉಳಿದವುಗಳ ಸಂಖ್ಯೆ ಏರುತ್ತಾ ಹೋಗಿ, ಮೇಷ್ಟ್ರ ಶಾಸನ ಅದರಡಿ ಹೂತುಹೋಗುತ್ತದೆ. ನನ್ನ ಪಟ್ಟಿಯಲ್ಲಿ ಹೊನಲು ಇದೆ, ವಿಜ್ಞಾನಕ್ಕೆ ಇಜ್ಞಾನ ಇದೆ, ಉಳಿದವು ಹೆಚ್ಚಾಗಿ ಒಬ್ಬೊಬ್ಬರೇ ನಡೆಸುವ ಬ್ಲಾಗುಗಳು. ಕೆಲವು ವರ್ಷವಿಡೀ ಸುಮ್ಮನಿರುತ್ತವೆ. ಇರಲಿ, ಬರೆದ ದಿನ ನನಗೆ ತಿಳಿಯುತ್ತದೆ. ಈ ಪಟ್ಟಿಯನ್ನು ಒಪಿಎಂಎಲ್ ಎಂಬ ಕಡತವಾಗಿ ತೆಗೆದು ಬೇರೆಯವರಿಗೂ ಕೊಡಬಹುದು. ಜಯನಗರದ ಗೆಳತಿಗೆ ಕೊಟ್ಟೆ. ಅವಳು ಅರ್ಧ ಅಳಿಸಿ, ತನಗೆ ಇಷ್ಟವಾದ ನಾಟಕ, ಸಂಗೀತದ ತಾಣಗಳನ್ನು ಸೇರಿಸಿಕೊಂಡಳು. ಹಾಗೆ ಅಳಿಸುವ, ಸೇರಿಸುವ ಹಕ್ಕು ಓದುಗರ ಕೈಯಲ್ಲಿರಬೇಕು.

ತಾಣ ನಡೆಸುವವರಲ್ಲಿ ಒಂದು ಕೋರಿಕೆ. ವರ್ಡ್‌ಪ್ರೆಸ್ ತಾಣಗಳಿಗೆ ಫೀಡ್ ತಾನಾಗಿಯೇ ಸಿದ್ಧವಾಗುತ್ತದೆ, ಅದೂ ಪೂರ್ಣ ಪಠ್ಯದೊಂದಿಗೆ. ಅನೇಕರು ಅದನ್ನು ಬದಲಿಸಿ ಮೊದಲ ಕೆಲವು ಸಾಲುಗಳನ್ನಷ್ಟೇ ಬಿಡುತ್ತಾರೆ. ಓದುಗರು ಪುಟಕ್ಕೇ ಬಂದರೆ ಜಾಹೀರಾತಿನ ನಾಲ್ಕು ಕಾಸು ಸಿಗುತ್ತದೆ ಎಂಬ ಲೆಕ್ಕ ತಪ್ಪೇನಲ್ಲ. ಆದರೆ ಜಾಹೀರಾತೇ ಇಲ್ಲದ ಬ್ಲಾಗುಗಳೂ ಹೀಗೆ ಕತ್ತರಿಸಿದರೆ ಯಾರಿಗೆ ಲಾಭ? ದಯವಿಟ್ಟು ಪೂರ್ತಿ ಕೊಡಿ. ಫೇಸ್‌ಬುಕ್, ವಾಟ್ಸ್ಆ್ಯಪ್ ಗುರುತುಗಳ ಪಕ್ಕದಲ್ಲೇ ಫೀಡ್‌ನ ಕೊಂಡಿಯನ್ನೂ ಹಾಕಿ, ‘ಹೊಸ ಬರಹಗಳಿಗೆ’ ಎಂದು ಕನ್ನಡದಲ್ಲೇ ಬರೆಯಿರಿ.