ಗುಡ್ಡಗಾಡಿನ ಓಟವೂ ಸೈಕಲ್ ಸವಾರಿಯೂ

ಓಟವೆಂದರೆ ಪೋಲೀಸು ಭರ್ತಿಯ ಪರೀಕ್ಷೆ, ಸೈಕಲ್ಲೆಂದರೆ ಮೋಟಾರು ಕೊಳ್ಳಲಾರದವನ ವಾಹನ ಎಂಬ ಭಾವನೆಯು ನಮ್ಮ ಪಟ್ಟಣಿಗರಲ್ಲಿ ಬೇರೂರಿರುವದು. ಕೇವಲ ಉಲ್ಲಾಸಕ್ಕಾಗಿ ಮುಂಜಾನೆ ಗುಡ್ಡದ ಹಾದಿ ಹಿಡಿದು ಓಡುವವನನ್ನು ಕಂಡರೆ, ಯಾರು ಬೆನ್ನು ಹತ್ತಿದ್ದಾರೆ ಎಂದು ಕೇಳುವವರೇ ಹೆಚ್ಚು. ಈ ಭಾವನೆಯು ಅಳಿಯಬೇಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿಯೇ ಮೊದಲು ಅಳಿಯಬೇಕೆಂದು ನಾವು ಹೇಳುವದಕ್ಕೆ ಕಾರಣವುಂಟು.

2021ರಲ್ಲಿ ವಿಜಯನಗರ ಜಿಲ್ಲೆಯು ಏರ್ಪಟ್ಟಾಗ ಹೊಸಪೇಟೆಯೊಡನೆ ಈ ಐದು ತಾಲೂಕುಗಳೂ ಅದರಲ್ಲಿ ಸೇರಿದವು. 1953ರಲ್ಲಿ ಮದರಾಸಿನಿಂದ ಬಿಡಿಸಿಕೊಂಡು ಮೈಸೂರನ್ನು ಕೂಡಿದ ನಾಡಿದು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಮೂರೇ ವರುಷದಲ್ಲಿ ಹೊಸ ಜಿಲ್ಲೆಯ ಪಾಲಾಯಿತು. ಇಷ್ಟಾದರೂ ಜಿಲ್ಲೆಯ ಹೆಸರೆತ್ತಿದೊಡನೆ ಅಧಿಕಾರಿಗಳ ದೃಷ್ಟಿಯು ಹಂಪಿಯ ಮೇಲೆಯೇ ಬೀಳುವದು. ಅಲ್ಲಿ ಪರದೇಶದ ಯಾತ್ರಿಕನು ಬಾಡಿಗೆಯ ಸೈಕಲ್ಲೇರಿ ಬಂಡೆಗಳ ನಡುವೆ ಸಂತೋಷದಿಂದ ಸುತ್ತುತ್ತಾನೆ. ಅಂಥವೇ ಬಂಡೆಗಳು ಕೂಡ್ಲಿಗಿಯ ಗುಡೇಕೋಟೆಯಲ್ಲಿಯೂ ಉಂಟು; ಸುತ್ತುವವರು ಮಾತ್ರ ವಿರಳ.

ಕಾಲ್ನಡಿಗೆಯು ಇಲ್ಲಿಯವರಿಗೆ ಹೊಸದಲ್ಲ. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆಯ ಕಡೆಯಿಂದ ಭಕ್ತರು ತಂಡತಂಡವಾಗಿ ನಡೆದು ಬರುತ್ತಾರೆ. ಉಚ್ಚಂಗಿದುರ್ಗದ ಬೆಟ್ಟವನ್ನು ಮುದುಕಿಯರೂ ಏರುತ್ತಾರೆ. ದೇವರ ಹೆಸರಿನಲ್ಲಿ ಹತ್ತಾರು ಮೈಲಿ ನಡೆಯಬಲ್ಲ ಕಾಲುಗಳು ಉಳಿದ ದಿನಗಳಲ್ಲಿ ಪೇಟೆಯ ಮೂಲೆಯ ಅಂಗಡಿಗೂ ಮೋಟಾರನ್ನೇ ಬಯಸುವದು ಸೋಜಿಗವಲ್ಲವೆ?

ಸವಾರನಿಗೆ ಬೇಕಾದ ಏರಿಳಿತವೂ ನೋಟವೂ ಇಲ್ಲಿ ಯಥೇಷ್ಟವಾಗಿವೆ. ಕೊಟ್ಟೂರಿನಿಂದ ಉಜ್ಜಿನಿಗೆ ಹೋದವನು ಮರುಳಸಿದ್ಧೇಶ್ವರನ ಗುಡಿಯ ಒಳಗೆಲಸವನ್ನು ಕಂಡು, ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂಬ ಜನರ ಮಾತು ಸುಳ್ಳಲ್ಲವೆಂದು ತಿಳಿಯುವನು. ಹರಪನಹಳ್ಳಿಯವರಿಗೆ ಬಾಗಳಿಯ ಕಲ್ಲೇಶ್ವರನೂ, ಹಡಗಲಿಯವರಿಗೆ ಮೈಲಾರವೂ ತುಂಗಭದ್ರೆಯೂ, ಹಗರಿಬೊಮ್ಮನಹಳ್ಳಿಯವರಿಗೆ ಅಂಕಸಮುದ್ರದ ಕೆರೆಯ ಹಕ್ಕಿಗಳೂ ಉಂಟು. ತೊಡಕುಗಳಿಲ್ಲವೆಂದಲ್ಲ. ಮಸಾರಿ ನೆಲವು ಓಟಕ್ಕೆ ಒಳ್ಳೆಯದು. ಎರೆಯ ದಾರಿಯಾದರೋ ಮಳೆ ಬಿದ್ದೊಡನೆ ಗಾಲಿಯನ್ನು ಹಿಡಿದು ನಿಲ್ಲಿಸುವದು. ಜಾಲಿಯ ಮುಳ್ಳಿಗೆ ಯಾವ ಟಯರಿನ ಮೇಲೂ ಕರುಣೆಯಿಲ್ಲ. ಬೇಸಗೆಯಲ್ಲಿ ಹೊತ್ತೇರಿದ ಮೇಲೆ ಓಡುವದು ಸಾಹಸವಲ್ಲ, ಅವಿವೇಕ. ಗುಡೇಕೋಟೆಯು ಕರಡಿಗಳ ರಕ್ಷಿತ ಧಾಮ. ಕರಡಿಯು ಸಂಜೆ ಹೊರಟು ನಸುಕಿಗೆ ಗವಿಗೆ ಮರಳುವ ಪ್ರಾಣಿಯಾದಕಾರಣ, ಆ ಮಗ್ಗುಲಿನವರು ಚೆನ್ನಾಗಿ ಬೆಳಕಾದ ಮೇಲೆ, ಧಾಮದ ಹೊರಗಿನ ರಸ್ತೆಯಲ್ಲಿ, ಜೊತೆಗೂಡಿಯೇ ಹೋಗತಕ್ಕದ್ದು.

ಗುಳೆ ಹೋಗುವ ಜನರ ನಾಡಿನಲ್ಲಿ ಇದು ಹೊಟ್ಟೆ ತುಂಬಿದವರ ಹುಚ್ಚೆಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ಹಗುರಾದುದಲ್ಲ. ಆದರೆ ದುಡಿಯುವವನ ಮಗುವಿಗೆ ದುಡಿಮೆಯಷ್ಟೇ ಪಾಲು, ಆಟವು ಉಳ್ಳವರಿಗೆ ಮೀಸಲು ಎಂದು ಯಾವ ಶಾಸ್ತ್ರದಲ್ಲಿ ಹೇಳಿದೆ? ವಿಜಯಪುರ, ಬಾಗಲಕೋಟೆಗಳ ಬಯಲುಸೀಮೆಯೂ ಮಳೆ ಕಾಣದ ಸೀಮೆಯೇ. ಅಲ್ಲಿಯ ಒಕ್ಕಲು ಮಕ್ಕಳು ಸೈಕಲ್ ಪಂದ್ಯಗಳಲ್ಲಿ ನಾಡಿಗೆ ಹೆಸರು ತಂದಿರುವರು. 2006-07ರಲ್ಲಿ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡಲಾರಂಭಿಸಿದಾಗ, ಹಳ್ಳಿಯ ಹೆಣ್ಣುಮಕ್ಕಳು ಸಾಲುಗಟ್ಟಿ ಶಾಲೆಗೆ ಸವಾರಿ ಹೋದುದನ್ನು ಕಂಡವರು ಮರೆಯಲಾರರು. ಕೋವಿಡ್ ವರುಷಗಳಲ್ಲಿ ಆ ಹಂಚಿಕೆಯು ನಿಂತಿತು. ನಮ್ಮ ಅಭಿಪ್ರಾಯದಲ್ಲಿ ಆ ಯೋಜನೆಯಷ್ಟು ಕಡಮೆ ಮಾತಿನಲ್ಲಿ ಅಷ್ಟು ಹೆಚ್ಚು ಸ್ವಾತಂತ್ರ್ಯವನ್ನು ಹಂಚಿದ ಯೋಜನೆಯು ಮತ್ತೊಂದಿಲ್ಲ.

ಅಧಿಕಾರಿಗಳಿಂದ ನಾವು ಬಯಸುವದು ಕ್ರೀಡಾಂಗಣದ ಶಿಲಾನ್ಯಾಸವನ್ನಲ್ಲ. ಕೂಡ್ಲಿಗಿಯ ಮೇಲೆ ಹಾಯ್ದಿರುವ 50ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಸೈಕಲ್ ಸವಾರನ ಜೀವವು ಅಂಗೈಯಲ್ಲಿರುವದು. ಒಳರಸ್ತೆಗಳ ಅಂಚನ್ನಾದರೂ ಮುಳ್ಳು ಸವರಿ ಮಟ್ಟ ಮಾಡಿಸಲಿ. ತಾಲೂಕಿಗೊಂದು ರಸ್ತೆಯನ್ನು ಆದಿತ್ಯವಾರ ಬೆಳಗಿನ ಎರಡು ಗಂಟೆ ಮೋಟಾರುಗಳಿಗೆ ಮುಚ್ಚಲಿ. ಇದಕ್ಕೆ ಖರ್ಚೆಂದರೆ ಇಬ್ಬರು ಪೇದೆಗಳ ಹಾಜರಿ ಮಾತ್ರ. ಹೊಸಪೇಟೆಯಿಂದ ಕೊಟ್ಟೂರಿನ ಮೇಲೆ ಹರಿಹರಕ್ಕೆ 2019ರಲ್ಲಿ ಪ್ರಯಾಣಿಕರ ರೈಲು ಆರಂಭವಾಯಿತಷ್ಟೆ. ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳನ್ನು ಮುಟ್ಟುವ ಆ ಹಳಿಯ ಗಾಡಿಗಳಲ್ಲಿ ಹತ್ತು ಸೈಕಲ್‌ಗಳಿಗೆ ತೊಂದರೆಯಿಲ್ಲದೆ ಜಾಗ ದೊರೆಯುವಂತೆ ರೈಲ್ವೆಯವರು ಏರ್ಪಡಿಸಲಿ. ಒಂದೂರಿನಲ್ಲಿ ಇಳಿದು ಸವಾರಿ ಮಾಡಿ ಮತ್ತೊಂದೂರಿನಲ್ಲಿ ಗಾಡಿ ಹತ್ತಲು ಆಗ ಶಾಲೆಯ ಹುಡುಗನಿಗೂ ಸಾಧ್ಯವಾಗುವದು.