ಚೀಟಿ ಎತ್ತುವ ಆಟ
ದಬ್ಬಾಳಿಕೆಯೇ ನಿಯಮವಾದ ಭವಿಷ್ಯದ ಸಮಾಜವನ್ನು ಕಲ್ಪಿಸುವ ಬರಹವನ್ನು ಡಿಸ್ಟೋಪಿಯನ್ ಸಾಹಿತ್ಯ ಎನ್ನುತ್ತಾರೆ. ಅಮೆರಿಕದ ಲೇಖಕಿ ಸುಝೇನ್ ಕಾಲಿನ್ಸ್ 2008ರಿಂದ 2010ರವರೆಗೆ ಪ್ರಕಟಿಸಿದ ‘ದಿ ಹಂಗರ್ ಗೇಮ್ಸ್’ ಕಾದಂಬರಿ ತ್ರಿವಳಿ ಈ ಪ್ರಕಾರವನ್ನು ಹದಿಹರೆಯದ ಓದುಗರಲ್ಲಿ ಬಹು ಜನಪ್ರಿಯಗೊಳಿಸಿತು. ಪ್ಯಾನೆಮ್ ಎಂಬ ಕಲ್ಪಿತ ದೇಶದ ರಾಜಧಾನಿಯು, ಹಿಂದಿನ ಬಂಡಾಯಕ್ಕೆ ಶಿಕ್ಷೆಯಾಗಿ, 12 ಜಿಲ್ಲೆಗಳಿಂದ 24 ಮಕ್ಕಳನ್ನು ಚೀಟಿ ಎತ್ತಿ ಆರಿಸಿ, ಒಬ್ಬರೇ ಬದುಕುಳಿಯುವವರೆಗೆ ಕಾದಾಡಿಸಿ, ಅದನ್ನು ದೂರದರ್ಶನದಲ್ಲಿ ಬಿತ್ತರಿಸುತ್ತದೆ. ಹೆಚ್ಚುವರಿ ಧಾನ್ಯ ಪಡೆಯುವ ಮಗುವಿನ ಹೆಸರಿನಲ್ಲಿ ಹೆಚ್ಚುವರಿ ಚೀಟಿಗಳೂ ಸೇರುವುದರಿಂದ, ಅದೃಷ್ಟದ್ದೆಂದು ತೋರುವ ಈ ಆಯ್ಕೆಯೂ ಬಡವರ ಕಡೆಗೇ ವಾಲುತ್ತದೆ. 2014ರಲ್ಲಿ ಥಾಯ್ಲೆಂಡಿನ ಸೇನೆ ಅಧಿಕಾರ ಹಿಡಿದಾಗ, ಈ ಕಥೆಯ ಮೂರು ಬೆರಳಿನ ವಂದನೆಯೇ ಅಲ್ಲಿನ ಪ್ರತಿಭಟನಕಾರರ ಸಂಕೇತವಾಯಿತು. ಆದ್ದರಿಂದ ಇದನ್ನು ಮಕ್ಕಳ ಸಾಹಸಕಥೆಯೆಂದು ಹಿರಿಯರು ಬದಿಗಿಡುವುದು ಸಲ್ಲದು.